ಬೈಲಕುಪ್ಪೆಯ ಟಿಬೆಟ್

ಹಿಮಾಲಯದ ಮಡಿಲಿನ ಬೌದ್ಧ ಪಟ್ಟಣವೊಂದನ್ನು ಕಾಣಬೇಕೆಂಬ ಹಂಬಲ ಯಾರಿಗಿಲ್ಲ? ಮೂಡಿಗೆರೆ, ಕಳಸಗಳ ಕಾಫಿ ತೋಟಗಳ ನಡುವೆ ಬೆಳೆದ ನಮಗೆ ಲೇಹ್, ತವಾಂಗ್‌ಗಳು ಬಹು ದೂರ. ಆದರೆ ಆ ಬದುಕಿನ ಒಂದು ತುಣುಕು ನಮ್ಮ ನಾಡಿನಲ್ಲಿಯೇ ಇದೆ. ಸಕಲೇಶಪುರ, ಶನಿವಾರಸಂತೆ, ಸೋಮವಾರಪೇಟೆಗಳನ್ನು ಹಾದು, ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಸೀಮೆ ತೊಡಗುತ್ತದೆ.

1959ರಲ್ಲಿ ದಲೈ ಲಾಮಾ ಅವರು ಟಿಬೆಟ್ಟನ್ನು ತೊರೆದು ಭಾರತಕ್ಕೆ ಬಂದಾಗ ಸಾವಿರಾರು ಜನ ಅವರನ್ನು ಹಿಂಬಾಲಿಸಿದರು. ಅಂದಿನ ಮೈಸೂರು ರಾಜ್ಯವು ಅವರಿಗಾಗಿ ಇಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಬಿಟ್ಟುಕೊಟ್ಟಿತು. 1960-61ರಲ್ಲಿ ನೆಲೆ ಆರಂಭವಾಯಿತು. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು. ಲ್ಹಾಸಾ ನಗರವಿರುವುದು 3,600 ಮೀಟರಿಗೂ ಮೇಲೆ. ಅಂತಹ ಒಣ ಚಳಿಯಲ್ಲಿ ಯಾಕ್‌ಗಳನ್ನು ಸಾಕಿ, ಬಾರ್ಲಿ ಬೆಳೆದವರು ಇಲ್ಲಿನ ಸೆಕೆಯಲ್ಲಿ ಮರ ಕಡಿದು, ಬೇರು ಕಿತ್ತು ಹೊಲ ಮಾಡಬೇಕಾಯಿತು. ಬೆಳೆದುದನ್ನು ಆನೆಗಳು ತುಳಿಯುತ್ತಿದ್ದವು. ಆ ಕಷ್ಟವೇನೆಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ! ಕ್ರಮೇಣ ಮುಸುಕಿನ ಜೋಳ ಅವರ ಮುಖ್ಯ ಬೆಳೆಯಾಯಿತು. ಚಳಿಗಾಲದಲ್ಲಿ ಊರೂರುಗಳಿಗೆ ಹೋಗಿ ಸ್ವೆಟರು ಮಾರುವುದು ಮತ್ತೊಂದು ಜೀವನೋಪಾಯವಾಯಿತು.

ಪ್ರವಾಸಿಗಳು ಮುಖ್ಯವಾಗಿ ನೋಡಬರುವುದು ನಾಮ್‌ಡ್ರೋಲಿಂಗ್ ವಿಹಾರವನ್ನು. ಪೆನೋರ್ ರಿನ್‌ಪೋಚೆಯವರು 1963ರಲ್ಲಿ ಸ್ಥಾಪಿಸಿದ ಈ ವಿಹಾರದ ಸ್ವರ್ಣಮಂದಿರದಲ್ಲಿ ಶಾಕ್ಯಮುನಿ ಬುದ್ಧ, ಪದ್ಮಸಂಭವ, ಅಮಿತಾಯು ಇವರ ಭವ್ಯ ಮೂರ್ತಿಗಳಿವೆ. ಹೊರಗೆ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಣ್ಣದ ಪತಾಕೆಗಳು ಹಾರಾಡುತ್ತವೆ. ಅವು ಕ್ರಮವಾಗಿ ಆಕಾಶ, ಗಾಳಿ, ಬೆಂಕಿ, ನೀರು, ಭೂಮಿಗಳ ಸಂಕೇತ. ಅವುಗಳ ಮೇಲೆ ಅಚ್ಚೊತ್ತಿದ ಮಂತ್ರಗಳನ್ನು ಗಾಳಿಯು ಎಲ್ಲೆಡೆಗೂ ಒಯ್ಯುವುದೆಂದು ನಂಬಿಕೆ. ಬೆಣ್ಣೆ, ಉಪ್ಪು ಬೆರೆಸಿದ ಇವರ ಚಹಾ ಮಾತ್ರ ಕಾಫಿ ನಾಡಿನ ನಾಲಿಗೆಗೆ ಸುಲಭವಾಗಿ ಒಗ್ಗದು.

ನನಗೆ ಸ್ವರ್ಣಮಂದಿರಕ್ಕಿಂತ ಹಿರಿದೆನಿಸಿದುದು ಸೆರಾ ವಿಹಾರದ ವಿದ್ಯಾಕ್ರಮ. ಲ್ಹಾಸಾದ ಬಳಿಯ ಪ್ರಾಚೀನ ಸೆರಾ ವಿಹಾರವನ್ನು ನಿರಾಶ್ರಿತ ಭಿಕ್ಷುಗಳು 1970ರಲ್ಲಿ ಇಲ್ಲಿ ಪುನಃ ಸ್ಥಾಪಿಸಿದರು. ಇಲ್ಲಿ ತರ್ಕವನ್ನು ಬಾಯಿಪಾಠದಿಂದಷ್ಟೇ ಕಲಿಯುವುದಿಲ್ಲ. ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ಎದುರಿಗೆ ನಿಂತು, ಪ್ರಶ್ನೆ ಮುಗಿದೊಡನೆ ಕಾಲನ್ನು ನೆಲಕ್ಕಪ್ಪಳಿಸಿ ಚಪ್ಪಾಳೆ ತಟ್ಟುತ್ತಾನೆ. ನೋಡುವವರಿಗೆ ಜಗಳದಂತೆ ತೋರಿದರೂ ಅದು ಪಾಠ.

ಟಿಬೆಟ್ಟನ್ನು ಕಂಡಿದ್ದ ಮೊದಲ ತಲೆಮಾರಿನವರು ಇಂದು ವಿರಳ. ಇಲ್ಲಿ ಹುಟ್ಟಿದ ಮಕ್ಕಳು ಮನೆಯಲ್ಲಿ ಟಿಬೆಟಿಯನ್ ನುಡಿಯುತ್ತಾರೆ, ಸಂತೆಯಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಅವರಲ್ಲಿ ಅನೇಕರು ಓದು ಮುಗಿಸಿ ಅಮೆರಿಕ, ಕೆನಡಾಗಳತ್ತ ಹೊರಡುತ್ತಿದ್ದಾರೆ. ಅಜ್ಜಂದಿರು ಕಾಡು ಕಡಿದು ಮಾಡಿದ ಹೊಲಗಳನ್ನು ಉಳುವವರಾರು ಎಂಬುದೇ ಈಗ ಬೈಲಕುಪ್ಪೆಯ ಹಿರಿಯರ ಚಿಂತೆ.