ಕೊಟ್ಟಿಗೆಹಾರದ ಕುಣಿಯುವ ಕಪ್ಪೆ

ಬೇಸಿಗೆ ರಜೆಯಲ್ಲಿ ಕಡಲಜೀವಿಗಳ ಇಂಟರ್ನ್‌ಶಿಪ್ ಮಾಡಬೇಕೆಂದು ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ಮಂಗಳೂರಿಗೆ ಹೊರಟರೆ, ಚಾರ್ಮಾಡಿ ಘಾಟಿ ಇಳಿಯುವ ಮೊದಲು ಕೊಟ್ಟಿಗೆಹಾರ ಸಿಗುತ್ತದೆ. ಅಲ್ಲಿ ನೀರುದೋಸೆ ತಿಂದು ಮತ್ತೆ ಬಸ್ಸು ಹತ್ತುತ್ತಾಳೆ. ಆ ಊರಿನ ಹೆಸರು 1937ರಿಂದ ಪ್ರಾಣಿಶಾಸ್ತ್ರದಲ್ಲಿ ಇದೆ ಎಂಬುದನ್ನು ಅವಳಿಗೆ ಯಾರಾದರೂ ಹೇಳಿರುತ್ತಾರೆಯೇ? ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂಬುದು ನಮ್ಮ ಹಳ್ಳಗಳ ಒದ್ದೆ ಬಂಡೆಯ ಮೇಲೆ ಕೂರುವ, ಹೆಬ್ಬೆರಳಿಗಿಂತ ದೊಡ್ಡದಾಗದ ಒಂದು ಕಪ್ಪೆ.

ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್. 1932ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆ ಶುರುವಾದಾಗ ಅದರ ಸಂಪಾದಕರಾದವರು ಅವರೇ. ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಅವರು ಬರೆದ ದೀರ್ಘ ಲೇಖನ, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಕೊಟ್ಟಿಗೆಹಾರದ ಕಪ್ಪೆ ಲೋಕಕ್ಕೆ ಪರಿಚಯವಾದದ್ದು ಆ ಪುಟಗಳಲ್ಲಿ.

ಮುಂದೆ ನಡೆದದ್ದು ನೋವಿನ ಸಂಗತಿ. ರಾವ್ ಕಾಪಿಟ್ಟಿದ್ದ ಮೂಲ ಮಾದರಿಗಳು ಕಳೆದುಹೋದವು. ಹೊಸ ಜಾತಿಗೆ ಸಾಕ್ಷಿಯಾಗಿ ನಿಲ್ಲಬೇಕಾದದ್ದು ಆ ಸೀಸೆಯ ಕಪ್ಪೆಯೇ. ಅದಿಲ್ಲದೆ ಉಳಿದದ್ದು ಒಂದಷ್ಟು ವರ್ಣನೆ, ಒಂದು ಊರಿನ ಹೆಸರು. ಹಳ್ಳದ ಕಪ್ಪೆಗಳೆಲ್ಲ ನೋಡಲು ಒಂದೇ ಥರ. ಬಂಡೆಯ ಬಣ್ಣ, ಎಲೆಯ ಬಣ್ಣ. ಯಾವುದು ಯಾವುದೆಂದು ಬಿಡಿಸಲು ಅವು ಇರುವ ನೀರಿಗೇ ಇಳಿಯಬೇಕಿತ್ತು.

ಇಳಿದವರು ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಅವರ ವಿದ್ಯಾರ್ಥಿಗಳು. ಕರ್ನಾಟಕದ ಕಪ್ಪೆಗಳ ಬೆನ್ನು ಹತ್ತಿದ್ದ ಕೆ.ವಿ. ಗುರುರಾಜ, ಆಗ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಸೋನಾಲಿ ಗರ್ಗ್ ಆ ತಂಡದಲ್ಲಿದ್ದರು. ಪಶ್ಚಿಮಘಟ್ಟದ ಉದ್ದಕ್ಕೂ ಸುಮಾರು 12 ವರ್ಷದ ಹುಡುಕಾಟ. ದೇಹದ ಅಳತೆಯ ಜೊತೆಗೆ ಡಿಎನ್‌ಎಯನ್ನೂ ಹೋಲಿಸಿ ನೋಡಿದರು. 2014ರಲ್ಲಿ ಫಲ ಹೊರಬಂತು: ಮೈಕ್ರಿಕ್ಸಾಲಸ್ ಬಳಗದಲ್ಲಿ 14 ಹೊಸ ಜಾತಿಗಳು, ಒಟ್ಟು 24. ರಾವ್ ಇಟ್ಟ ಕೊಟ್ಟಿಗೆಹಾರದ ಹೆಸರು ಅಳಿಯದೆ ಉಳಿಯಿತು.

ಇವುಗಳನ್ನು ಕುಣಿಯುವ ಕಪ್ಪೆಗಳೆಂದು ಕರೆಯುವುದಕ್ಕೆ ಕಾರಣವಿದೆ. ಹರಿಯುವ ನೀರಿನ ಸದ್ದಿನಲ್ಲಿ ಇಷ್ಟು ಸಣ್ಣ ಜೀವಿಯ ದನಿ ಎಷ್ಟು ದೂರ ಕೇಳೀತು? ಗಂಡು ಮೊದಲು ಕೂಗುತ್ತದೆ; ಗಂಟಲಿನ ಚೀಲ ಬೆಳ್ಳಗೆ ಉಬ್ಬುತ್ತದೆ. ಆಮೇಲೆ ಹಿಂಗಾಲನ್ನು ಪಕ್ಕಕ್ಕೆ ನೀಳವಾಗಿ ಚಾಚಿ, ಬೆರಳು ಬಿಡಿಸಿ, ನಡುವಿನ ಪೊರೆ ಕಾಣುವಂತೆ ಬೀಸುತ್ತದೆ. ಎದುರಿನ ಬಂಡೆಯ ಗಂಡೂ ಕಾಲೆತ್ತುತ್ತದೆ. ಹತ್ತಿರ ಬಂದರೆ ಒದೆತವೇ. ಆ ಒದೆತವೇ ಕಾಲಾಂತರದಲ್ಲಿ ದೂರದ ಸನ್ನೆಯಾಗಿರಬೇಕು ಎಂದು, ಗುರುರಾಜ ಅವರೂ ಸೇರಿ ವಿಯೆನ್ನಾದ ಸಂಶೋಧಕರು ಇದೇ ಬಳಗದ ಕಪ್ಪೆಗಳನ್ನು ನೋಡಿ 2013ರಲ್ಲಿ ಬರೆದರು. ಸೀಸೆಯೊಳಗಿನ ಮಾದರಿ ಇದಾವುದನ್ನೂ ಹೇಳುವುದಿಲ್ಲ. ಮೈಗೆ ಜಿಗಣೆ ಹತ್ತಿಸಿಕೊಂಡು ಹಳ್ಳದ ದಂಡೆಯಲ್ಲಿ ಗಂಟೆಗಟ್ಟಲೆ ಕೂತವರಿಗೆ ಮಾತ್ರ ಅದು ಕಂಡಿತು. ನನ್ನ ಮಟ್ಟಿಗೆ ಈ ಕಪ್ಪೆ ನಿಜವಾಗಿ ಸಿಕ್ಕಿದ್ದು ಆಗಲೇ.

ಕಡಲ ಕಡೆಯಿಂದ ಘಟ್ಟ ಹತ್ತಿ ಬಂದವರೂ ಇದ್ದಾರೆ. ಹರೀಶ್ ಜೋಶಿ ಮತ್ತು ಜಪಾನಿನ ಮಿತ್ಸುರು ಕುರಾಮೊಟೊ ಮೊದಲಾದವರು 2009ರಲ್ಲಿ ಹೊಸದೆಂದು ವರ್ಣಿಸಿದ ಎರಡು ನೀರುಗಪ್ಪೆಗಳಲ್ಲಿ ಒಂದು ಮಂಗಳೂರು ಕಡೆಯದು, ಇನ್ನೊಂದಕ್ಕೆ ಯೂಫ್ಲಿಕ್ಟಿಸ್ ಮೂಡಿಗೆರೆ ಎಂದೇ ಹೆಸರು. ತೇಜಸ್ವಿಯವರ 'ಕರ್ವಾಲೊ' ಓದಿ ಬೆಳೆದ ನಮಗೆ ಮೂಡಿಗೆರೆ ಎಂದರೆ ಹಾರುವ ಓತಿಯ ನೆನಪು. ಗದ್ದೆಯ ನೀರಿನಲ್ಲಿ ಊರಿನ ಹೆಸರು ಹೊತ್ತ ಕಪ್ಪೆ ಇರುವುದನ್ನು ನಾವು ಗಮನಿಸಿದ್ದು ಕಡಿಮೆ.

ಕೊಟ್ಟಿಗೆಹಾರದ ಕಪ್ಪೆಯ ಬಳಗ ಮರಿ ಮಾಡುವುದು ಮಳೆಗಾಲ ಇಳಿದ ಮೇಲೆ, ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ತಿಳಿನೀರು ಹರಿಯುವ ಹಳ್ಳದಲ್ಲಿ. ಅರೇಬಿಕಾ ಕಾಫಿ ಹಣ್ಣು ಕುಯ್ದು, ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕುವ ಕೆಲಸ ಶುರುವಾಗುವುದೂ ಅದೇ ಹೊತ್ತಿಗೆ. ಪಲ್ಪರ್ ನೀರು ಹುಳಿ; ಹಳ್ಳಕ್ಕೆ ಬಿದ್ದರೆ ನೀರಿನ ಆಮ್ಲಜನಕವನ್ನೇ ನುಂಗುತ್ತದೆ. ಮೊಟ್ಟೆ, ಗೊದಮೊಟ್ಟೆಗಳಿಗೆ ಓಡಿಹೋಗಲು ಬೇರೆ ಜಾಗವಿಲ್ಲ.

ತೋಟದವರಲ್ಲಿ ನನ್ನದೊಂದು ಕೋರಿಕೆ: ಈ ಸಲದ ಕುಯ್ಲಿಗೆ ಮೊದಲು ಪಲ್ಪರ್ ನೀರಿನ ಗುಂಡಿಯನ್ನು ಹಳ್ಳದಿಂದ ದೂರ ತೋಡಿಸಿ. ಕಡಲಿಗೆ ಹೊರಟ ಹುಡುಗಿಗೂ ಒಂದು ಮಾತು. ಹೋಗಿ ಕಲಿತು ಬಾ, ತಾಯಿ. ನವೆಂಬರಿನಲ್ಲಿ ಒಂದು ವಾರ ಮಾತ್ರ ಕೊಟ್ಟಿಗೆಹಾರದಲ್ಲಿ ಇಳಿ.