ಮಿದುಳಿಗೆ ಹದ್ದುಬಸ್ತು

ಹಾಸನದ ಓದುಗರೊಬ್ಬರ ಪ್ರಶ್ನೆ ಇದು. ಅವರ ತಂದೆಯ ಎಂಆರ್‌ಐ ವರದಿಯಲ್ಲಿ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ವಯಸ್ಸಿಗೆ ಮೀರಿ ಕುಗ್ಗಿದೆ ಎಂದಿದೆಯಂತೆ, ಗಾತ್ರವನ್ನೂ ಕೊಟ್ಟಿದ್ದಾರಂತೆ. ತಲೆಬುರುಡೆ ತೆರೆಯದೆ ಅಷ್ಟು ಸಣ್ಣ ಭಾಗವನ್ನು ಅಳೆದವರು ಯಾರು?

ಬಹುಶಃ ಸಾಫ್ಟ್‌ವೇರ್. ಸ್ಕ್ಯಾನ್ ಎಂದರೆ ಸುಮಾರು ಒಂದು ಮಿಲಿಮೀಟರ್ ಬದಿಯ ಲಕ್ಷಾಂತರ ಪುಟ್ಟ ಘನಗಳ ರಾಶಿ. ಪ್ರತಿ ಘನವೂ ಮಿದುಳಿನ ಯಾವ ಭಾಗಕ್ಕೆ ಸೇರಿದ್ದೆಂದು ಗುರುತು ಹಾಕಿ ಎಣಿಸಿದರೆ ಗಾತ್ರ ಸಿಕ್ಕಿತು. ಸರ್ವೆಯವರು ಹೊಲಕ್ಕೆ ಹದ್ದುಬಸ್ತು ಮಾಡಿದಂತೆಯೇ, ಆದರೆ ಇಲ್ಲಿ ಗಡಿಕಲ್ಲುಗಳಿಲ್ಲ. ಹಿಪ್ಪೊಕ್ಯಾಂಪಸ್ಸೂ ಪಕ್ಕದ ಅಮಿಗ್ಡಲವೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಮೊದಲೆಲ್ಲ ಪರಿಣತರು ಪದರ ಪದರವಾಗಿ ಕೈಯಲ್ಲೇ ಗೆರೆ ಎಳೆಯುತ್ತಿದ್ದರು. ಅಮೆರಿಕದ ಬ್ರೂಸ್ ಫಿಶಲ್ ಮತ್ತು ಸಂಗಡಿಗರು 2002ರಲ್ಲಿ ಇಡೀ ಮಿದುಳನ್ನು ತಾನೇ ಗುರುತಿಸುವ ವಿಧಾನ ಪ್ರಕಟಿಸಿದರು. ಅದನ್ನು ಅಳವಡಿಸಿಕೊಂಡ ‘ಫ್ರೀಸರ್ಫರ್’ ಸಾಫ್ಟ್‌ವೇರ್ ಒಂದು ಮಿದುಳಿನ ಪೂರ್ಣ ವಿಶ್ಲೇಷಣೆಗೆ ಗಂಟೆಗಟ್ಟಲೆ ಲೆಕ್ಕ ಹಾಕುತ್ತಿತ್ತು.

ಎಂಆರ್‌ಐ ಎಂದರೆ ಮಿದುಳಿನ ಫೋಟೊ ಎಂದು ನಂಬಿದವರು ಬಹಳ. ಅದು ಫೋಟೊ ಅಲ್ಲವೇ ಅಲ್ಲ! ಸ್ಕ್ಯಾನ್ ಮಾಡುವ ಕ್ರಮ ಬದಲಾದರೆ ಬಣ್ಣವೂ ಬದಲಾಗುತ್ತದೆ: ಟಿ1 ಎಂಬ ಕ್ರಮದಲ್ಲಿ ಕಪ್ಪಗೆ ಕಾಣುವ ಮಿದುಳುದ್ರವ, ಟಿ2 ಕ್ರಮದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಸಿ.ಟಿ.ಯಲ್ಲಿ ನೀರಿನ ಬೂದುಮಟ್ಟಕ್ಕೆ ಸೊನ್ನೆ ಎಂಬ ನಿಗದಿಯಿದೆ; ಮಾಮೂಲಿ ಎಂಆರ್‌ಐ ಚಿತ್ರಕ್ಕೆ ಅಂಥ ಕಟ್ಟುಪಾಡಿಲ್ಲ. ಹಾಗಾಗಿ ಒಂದು ಸ್ಕ್ಯಾನರಿನ ಚಿತ್ರಗಳಲ್ಲಿ ಪಳಗಿದ ಪ್ರೋಗ್ರಾಂ ಇನ್ನೊಂದರ ಮುಂದೆ ತಡವರಿಸುತ್ತಿತ್ತು.

ಇದಕ್ಕೆ ಸಿಕ್ಕ ಪರಿಹಾರ ನನ್ನನ್ನು ಬೆರಗುಗೊಳಿಸಿದೆ. ಬೆಂಜಮಿನ್ ಬಿಯೊ, ಹುವಾನ್ ಇಗ್ಲೇಸಿಯಸ್ ಮೊದಲಾದವರು 2023ರಲ್ಲಿ ಪ್ರಕಟಿಸಿದ ಪ್ರೋಗ್ರಾಂ ‘ಸಿಂತ್‌ಸೆಗ್’, ಕಲಿಯುವಾಗ ಒಂದೂ ಅಸಲಿ ಚಿತ್ರ ನೋಡುವುದಿಲ್ಲ. ಗುರುತು ಹಾಕಿದ ಮಿದುಳಿನ ನಕಾಶೆ ತೆಗೆದುಕೊಂಡು, ಅದನ್ನು ಅಲ್ಲಲ್ಲಿ ಜಗ್ಗಿ ಸೊಟ್ಟ ಮಾಡುತ್ತಾರೆ. ಒಂದೊಂದು ಭಾಗಕ್ಕೆ ಮನಬಂದ ಬೂದು ತುಂಬುತ್ತಾರೆ. ಮಸುಕು ಮಾಡುತ್ತಾರೆ, ಅಡ್ಡಾದಿಡ್ಡಿ ಚುಕ್ಕೆಗಳ ಕಲಬೆರಕೆ ಸೇರಿಸುತ್ತಾರೆ. ಲೋಕದ ಯಾವ ಸ್ಕ್ಯಾನರೂ ಕೊಡಲಾರದ ಅಸಂಬದ್ಧ ಮಿದುಳುಗಳು ಒಂದರ ಹಿಂದೊಂದು ಬರುತ್ತವೆ. ಬಣ್ಣವನ್ನು ನಂಬಿ ಫಲವಿಲ್ಲವೆಂದಾದಾಗ, ಆಕಾರ ಮತ್ತು ನೆರೆಹೊರೆಯನ್ನು ಹಿಡಿಯದೆ ಪ್ರೋಗ್ರಾಮಿಗೆ ಬೇರೆ ದಾರಿಯಿಲ್ಲ. ಇಷ್ಟು ಹುಚ್ಚು ಚಿತ್ರಗಳನ್ನು ಅರಗಿಸಿಕೊಂಡ ಪ್ರೋಗ್ರಾಮಿಗೆ ನಿಜವಾದ ಸ್ಕ್ಯಾನ್ ಯಾವ ಕ್ರಮದ್ದಾದರೂ ಸಲೀಸು. ಪದರಗಳ ನಡುವೆ 5–6 ಮಿಲಿಮೀಟರ್ ಅಂತರವಿರುವ ಆಸ್ಪತ್ರೆಯ ಮಾಮೂಲಿ ಸ್ಕ್ಯಾನುಗಳನ್ನೂ ಅದು ಗುರುತಿಸುತ್ತದೆ.

ಅಳತೆ ಸಿಕ್ಕರೆ ಸಾಲದು, ಯಾರ ಮಿದುಳಿಗೆ ಹೋಲಿಸಿದ್ದು ಎಂಬುದೂ ಮುಖ್ಯ. ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ 2019ರಲ್ಲಿ 100 ಭಾರತೀಯರ ಸ್ಕ್ಯಾನುಗಳಿಂದ ಸಿದ್ಧಪಡಿಸಿದ ಮಿದುಳು ನಕಾಶೆ, ನಮ್ಮ ಮಿದುಳು ಸರಾಸರಿಯಲ್ಲಿ ಪಾಶ್ಚಾತ್ಯರದ್ದಕ್ಕಿಂತ ಚಿಕ್ಕದೆಂದು ತೋರಿಸಿತು. ಇದನ್ನು ಹಿಡಿದು ಬುದ್ಧಿಯ ಲೆಕ್ಕ ಹಾಕಹೊರಡುವುದು ಶುದ್ಧ ಅವಿವೇಕ. ಐನ್‌ಸ್ಟೈನರ ಮಿದುಳು ತೂಗಿದ್ದು ಸುಮಾರು 1230 ಗ್ರಾಂ, ಗಂಡಸರ ಸರಾಸರಿಗಿಂತ ಕಡಿಮೆ. ಆದರೆ ಪರದೇಶದ ಸರಾಸರಿಯನ್ನೇ ಅಳತೆಗೋಲಾಗಿಸಿದರೆ ಇಲ್ಲಿನ ಆರೋಗ್ಯವಂತರ ಮಿದುಳೂ ಕುಗ್ಗಿದಂತೆ ಕಂಡೀತು. ಅದಕ್ಕೇ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರ ತಾಲ್ಲೂಕಿನ 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಅನುಸರಿಸಿ, ಅವರ ಎಂಆರ್‌ಐಯನ್ನೂ ಮಾಡುತ್ತಿರುವುದು ನನಗೆ ದೊಡ್ಡ ಕೆಲಸವೆನಿಸುತ್ತದೆ.

ಒಂದೇ ಬಾರಿಯ ಗಾತ್ರಕ್ಕಿಂತ, ಅದೇ ವ್ಯಕ್ತಿಯಲ್ಲಿ ಕಾಲಕ್ರಮೇಣ ಆಗುವ ಬದಲಾವಣೆ ವೈದ್ಯರಿಗೆ ಹೆಚ್ಚು ತಿಳಿಸುತ್ತದೆ. ಆದ್ದರಿಂದ ಸ್ಕ್ಯಾನ್ ಮಾಡಿಸಿದಾಗ ಫಿಲ್ಮ್ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಸಾಫ್ಟ್‌ವೇರ್ ಅಳೆಯುವುದು ಅದರೊಳಗಿನ ಕಡತಗಳನ್ನು.