ಬೋರಿನ ಬಾಯಿಗೆ ಕಾವಲು

2023ರ ಜೂನ್‌ನಲ್ಲಿ ಕನಕಗಿರಿ ತಾಲ್ಲೂಕಿನ ಬಸರಿಹಾಳ, ಕುಷ್ಟಗಿ ತಾಲ್ಲೂಕಿನ ಬಿಜಕಲ್ ಗ್ರಾಮಗಳಲ್ಲಿ ವಾಂತಿಭೇದಿ ಹಬ್ಬಿ ಸಾವುಗಳೂ ಆದವು. ಅನುಮಾನ ಹೋದದ್ದು ಕುಡಿಯುವ ನೀರಿನ ಮೇಲೆ. ಕೊಪ್ಪಳ ಜಿಲ್ಲೆಯಲ್ಲಿ ನೀರು ಕೆಟ್ಟಿದೆ ಎಂದರೆ ಮೊದಲು ನೆನಪಾಗುವುದು ಫ್ಲೋರೈಡ್. ಆದರೆ ಜೀವಕ್ಕೆ ಕೆಲವೇ ದಿನಗಳಲ್ಲಿ ಕುತ್ತು ತರುವುದು ರೋಗಾಣು, ಅದು ಬರುವ ದಾರಿಯೇ ಬೇರೆ.

ಫ್ಲೋರೈಡ್ ಕಲ್ಲಿನದು. ಯಲಬುರ್ಗಾ, ಕುಷ್ಟಗಿ ಭಾಗದ ಗ್ರಾನೈಟ್, ನೈಸ್ ಶಿಲೆಗಳಿಂದ ಅದು ನಿಧಾನವಾಗಿ ನೀರಿಗೆ ಕರಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗೆ ಅಪಾಯ. ಕುದಿಸಿದರೂ ಅದು ಹೋಗುವುದಿಲ್ಲ. ಶುದ್ಧೀಕರಣ ಘಟಕವೋ ಬೇರೆ ಜಲಮೂಲವೋ ಬೇಕು. ರೋಗಾಣು ಮಾತ್ರ ನಮ್ಮ ಕಾಲಕೆಳಗಿನ ನೆಲದಿಂದಲೇ ಇಳಿಯುತ್ತದೆ. ಅದನ್ನು ತಡೆಯುವುದು ಊರಿನ ಕೈಯಲ್ಲೇ ಇದೆ.

ಬೋರು ಕೊರೆಯುವಾಗ ಮೇಲಿನ ಸಡಿಲ ಮಣ್ಣು ಕುಸಿಯದಂತೆ ಗಟ್ಟಿ ಕಲ್ಲು ಸಿಗುವವರೆಗೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಕೊರೆದ ರಂಧ್ರ ಪೈಪಿಗಿಂತ ಅಗಲ. ನಡುವಿನ ಸಂದಿಯನ್ನು ಜೇಡಿಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚದಿದ್ದರೆ ಬಟ್ಟೆ ಒಗೆದ ನೀರು, ದನದ ಗಂಜಲ, ಚರಂಡಿಯ ಕೊಳೆ ಎಲ್ಲವೂ ಪೈಪಿನ ಹೊರಮೈ ಹಿಡಿದು ಕೆಳಗಿಳಿಯುತ್ತವೆ. ಮಣ್ಣಿನ ಪದರಗಳಲ್ಲಿ ನಿಧಾನವಾಗಿ ಇಂಗುವ ನೀರಿನಲ್ಲಿ ಬಹುಪಾಲು ರೋಗಾಣುಗಳು ಅಲ್ಲಲ್ಲೇ ಸಿಕ್ಕಿ ಸಾಯುತ್ತವೆ. ಕಲ್ಲಿನ ಬಿರುಕಿಗೆ ಹಾಗೆ ಸೋಸುವ ಗುಣವಿಲ್ಲ. ಮುಚ್ಚದೆ ಬಿಟ್ಟ ಹಳೇ ಬೋರಂತೂ ಕೊಳಕಿಗೆ ತೆರೆದ ಬಾಗಿಲು.

ಗಂಗಾವತಿ ಕಡೆ ಇನ್ನೊಂದು ಚಿಂತೆಯಿದೆ. ತುಂಗಭದ್ರಾ ಕಾಲುವೆಯ ಭತ್ತದ ಗದ್ದೆಗಳಿಗೆ ಸುರಿಯುವ ಯೂರಿಯಾ ನೈಟ್ರೇಟ್ ಆಗಿ ಅಂತರ್ಜಲ ಸೇರಬಲ್ಲದು. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀರಿದರೆ ಹಸುಗೂಸುಗಳಿಗೆ ಹೆಚ್ಚು ಅಪಾಯ.

ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೋಡಬಾರದು ಎನ್ನುತ್ತದೆ ಕರ್ನಾಟಕದ 1999ರ ಕಾಯ್ದೆ. ಅದರ ಕಾಳಜಿ ನೀರು ಬತ್ತಬಾರದೆಂಬುದು. ತಿಪ್ಪೆ, ಶೌಚಗುಂಡಿಗಳನ್ನು ದೂರವಿಡುವುದಕ್ಕೂ ಅಷ್ಟೇ ಬಿಗಿ ಬೇಕು ಎಂಬುದು ನನ್ನ ಅಭಿಪ್ರಾಯ. ಬೋರಿನ ಸುತ್ತ ಹೊರಕ್ಕೆ ಇಳಿಜಾರಾದ ಸಿಮೆಂಟ್ ಕಟ್ಟೆ, ಚೆಲ್ಲಿದ ನೀರು ದೂರ ಹರಿಯಲು ಕಾಲುವೆ ಇರಲೇಬೇಕು. ಪಂಚಾಯಿತಿಗೆ ಇದು ದೊಡ್ಡ ಖರ್ಚಲ್ಲ.

ಬೋರು ಚೊಕ್ಕಟವಾಗಿದ್ದರೂ ಪೈಪು ಕೈಕೊಡಬಹುದು. ಕರೆಂಟು ಹೋಗಿ ಪಂಪು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಚರಂಡಿಯಲ್ಲಿ ಹಾದುಹೋದ ಪೈಪಿನ ಜಾಯಿಂಟ್ ಸಡಿಲವಿದ್ದರೆ ಹೊರಗಿನ ಕೊಳೆ ಒಳಗೆ ನುಗ್ಗುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬೀಳುವುದು ಅದೇ. ಆದ್ದರಿಂದ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ಅರ್ಧ ಗಂಟೆ ಬಿಟ್ಟ ಮೇಲೆ, ಕ್ಲೋರಿನ್ ಪರೀಕ್ಷೆಯನ್ನು ಟ್ಯಾಂಕಿನ ಬುಡದಲ್ಲಷ್ಟೇ ಮಾಡಿ ಮುಗಿಸಬಾರದು. ಊರ ಕೊನೆಯ ನಳದಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು.